ರೇಡ್ ಇದ್ದರೆ ಬ್ಯಾಕಪ್ ಬೇಡವೇ? ಕೆಟ್ಟರೂ ನಿಲ್ಲದ ಸರ್ವರ್‌ನ ಒಳಗುಟ್ಟು

'ಸರ್ವರ್ ಡೌನ್ ಇದೆ, ನಾಳೆ ಬನ್ನಿ.' ಬ್ಯಾಂಕು, ನಾಡಕಚೇರಿ, ಪಡಿತರ ಅಂಗಡಿ ಹೀಗೆ ಎಲ್ಲಾದರೂ ಒಂದು ಕಡೆ ಈ ಮಾತನ್ನು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಸರ್ವರ್ ಎಂದರೆ ಏನು, ಅದು ಯಾಕೆ 'ಡೌನ್' ಆಗುತ್ತದೆ, ಆಗದಂತೆ ನೋಡಿಕೊಳ್ಳಲು ಅದರೊಳಗೆ ಏನೇನು ಇರುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಈಗ ಸರ್ವರ್ ದೊಡ್ಡ ಕಚೇರಿಗಳಿಗೆ ಮಾತ್ರ ಸೇರಿದ ವಸ್ತುವಲ್ಲ. ಸಗಟು ಅಂಗಡಿ, ಆಸ್ಪತ್ರೆ, ಸಹಕಾರಿ ಸಂಘ, ಶಾಲೆ, ಆಡಿಟರ್ ಕಚೇರಿಗಳಲ್ಲೂ ಮೂಲೆಯಲ್ಲೊಂದು ಸರ್ವರ್ ಗುಂಯ್‌ಗುಡುತ್ತಿರುತ್ತದೆ. ಅದನ್ನು ಕೊಳ್ಳುವಾಗ ಕೇಳಿಬರುವ ಸಲಹೆಗಳೂ ಹಲವು. 'ಒಳ್ಳೆ ಪಿಸಿ ತಗೊಂಡರೆ ಅದೇ ಸರ್ವರ್', 'ರೇಡ್ ಹಾಕಿಸಿದರೆ ಬ್ಯಾಕಪ್ ಬೇಡ', 'ಎಸಿ ರೂಮಿನಲ್ಲಿಟ್ಟರೆ ಏನೂ ಆಗಲ್ಲ'. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸರ್ವರ್ ಎಂದರೇನು?

ನಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಒಬ್ಬರ ಕೆಲಸ ಮಾಡುತ್ತದೆ. ಸರ್ವರ್ ಹಲವರು ಕೇಳಿದ್ದನ್ನು ಒಟ್ಟಿಗೆ ಒದಗಿಸುತ್ತದೆ. ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತವರು 'ಈ ಸರಕಿನ ಬೆಲೆ ಎಷ್ಟು?' ಎಂದು ಕೇಳಿದಾಗ, ಗೋದಾಮಿನಲ್ಲಿರುವವರು 'ದಾಸ್ತಾನು ಎಷ್ಟಿದೆ?' ಎಂದು ಕೇಳಿದಾಗ ಉತ್ತರ ಬರುವುದು ಒಂದೇ ಯಂತ್ರದಿಂದ.

ನಾವು ದಿನವೂ ಕಳಿಸುವ ಫಾರ್ವರ್ಡ್‌ಗಳೂ ಇಂಥ ಯಂತ್ರಗಳನ್ನು ಹಾದೇ ಹೋಗುತ್ತವೆ. ವಾಟ್ಸಾಪ್ 2012ರ ಜನವರಿಯಲ್ಲಿ ತನ್ನ ಬ್ಲಾಗಿನಲ್ಲಿ ಬರೆದುಕೊಂಡಂತೆ, ಅದರ ಒಂದೇ ಒಂದು ಸರ್ವರ್ ಏಕಕಾಲಕ್ಕೆ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ನಿಭಾಯಿಸಿತ್ತು. ಅಂಥ ಯಂತ್ರ ಒಂದು ನಿಮಿಷ ನಿಂತರೆ ಅಷ್ಟು ಮಂದಿಯ ಮಾತು ನಿಂತಂತೆ. ಅಂಗಡಿಯ ಸರ್ವರ್‌ನ ಗಾತ್ರ ಚಿಕ್ಕದು, ಆದರೆ ಲೆಕ್ಕ ಅದೇ. ಅದು ನಿಂತರೆ ಹತ್ತು ಕೌಂಟರ್‌ಗಳೂ ನಿಲ್ಲುತ್ತವೆ.

ಸರ್ವರ್‌ಗೂ ಪಿಸಿಗೂ ಇರುವ ನಿಜವಾದ ವ್ಯತ್ಯಾಸ ಪ್ರೊಸೆಸರ್‌ನ ವೇಗದಲ್ಲಿಲ್ಲ. ಗೇಮ್ ಆಡುವವರ ಪಿಸಿಯಲ್ಲಿ ಸರ್ವರ್‌ಗಿಂತ ಹೆಚ್ಚು ಗಿಗಾಹರ್ಟ್ಸ್‌ನ ಪ್ರೊಸೆಸರ್ ಇರಬಹುದು. ಸರ್ವರ್ ಕಟ್ಟುವವರು ಮೊದಲೇ ಒಪ್ಪಿಕೊಂಡಿರುವ ಸಂಗತಿ ಬೇರೆ: ಒಳಗಿರುವ ಪ್ರತಿಯೊಂದು ಬಿಡಿಭಾಗವೂ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟಾಗಲೂ ಕೆಲಸ ನಡೆಯಬೇಕು, ಕೆಟ್ಟದ್ದನ್ನು ಬೇಗ ಬದಲಾಯಿಸುವಂತಿರಬೇಕು. ಮುಂದೆ ಹೇಳುವ ಬಹುತೇಕ ಸೌಲಭ್ಯಗಳು ಹುಟ್ಟಿದ್ದು ಈ ಯೋಚನೆಯಿಂದಲೇ.

ಡಿಸ್ಕ್ ಎಷ್ಟು ಬೇಗ ಕೆಡುತ್ತದೆ?

ಹಾರ್ಡ್ ಡಿಸ್ಕ್ ತಯಾರಕರ ಮಾಹಿತಿ ಹಾಳೆಯಲ್ಲಿ 'ಕೆಡುವವರೆಗಿನ ಸರಾಸರಿ ಅವಧಿ 10 ಲಕ್ಷ ಗಂಟೆ' ಎಂಬಂಥ ಸಾಲು ಇರುತ್ತದೆ. 10 ಲಕ್ಷ ಗಂಟೆ ಎಂದರೆ ಸುಮಾರು 114 ವರ್ಷ! ಹಾಗಾದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ಡಿಸ್ಕ್ ಬಾಳುತ್ತದೆಯೇ?

ಖಂಡಿತ ಇಲ್ಲ. ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಎಂಬ ಸಂಶೋಧಕರು 2007ರಲ್ಲಿ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ಮಾಹಿತಿಯನ್ನು ಪರಿಶೀಲಿಸಿದ್ದರು. ತಯಾರಕರ ಅಂಕಿಯ ಪ್ರಕಾರ ವರ್ಷಕ್ಕೆ ಶೇ 1ಕ್ಕಿಂತ ಕಡಿಮೆ ಡಿಸ್ಕ್‌ಗಳು ಕೆಡಬೇಕಿತ್ತು. ವಾಸ್ತವದಲ್ಲಿ ಶೇ 2ರಿಂದ 4ರಷ್ಟು ಬದಲಾವಣೆ ಸಾಮಾನ್ಯವಾಗಿತ್ತು, ಕೆಲವು ಕಡೆ ಅದು ಶೇ 13ರವರೆಗೂ ಹೋಗಿತ್ತು.

ಒಂದು ಸಣ್ಣ ಲೆಕ್ಕ ಮಾಡೋಣ. ವರ್ಷಕ್ಕೆ ಶೇ 3ರಷ್ಟು ಡಿಸ್ಕ್‌ಗಳು ಕೆಡುತ್ತವೆ ಎಂದುಕೊಳ್ಳಿ. ಸರ್ವರ್‌ನಲ್ಲಿ 8 ಡಿಸ್ಕ್‌ಗಳಿದ್ದರೆ, ವರ್ಷದೊಳಗೆ ಅವುಗಳಲ್ಲಿ ಒಂದಾದರೂ ಕೆಡುವ ಸಾಧ್ಯತೆ ಸುಮಾರು ಶೇ 22. ಅಂದರೆ ಇಂಥ ಐದು ಸರ್ವರ್‌ಗಳಿದ್ದರೆ ಒಂದರಲ್ಲಾದರೂ ವರ್ಷದೊಳಗೆ ಡಿಸ್ಕ್ ಕೈಕೊಡುತ್ತದೆ ಎಂದು ಎಣಿಸಿಕೊಂಡೇ ನಡೆಯಬೇಕು. ಡಿಸ್ಕ್ ಕೆಡುವುದು ಅಪರೂಪದ ದುರದೃಷ್ಟವೇನಲ್ಲ, ಲೆಕ್ಕಕ್ಕೆ ಸಿಗುವ ಸಾಮಾನ್ಯ ಘಟನೆ.

ಒಂದು ಡಿಸ್ಕ್ ಹೋದರೂ ಮಾಹಿತಿ ಹೇಗೆ ಉಳಿಯುತ್ತದೆ?

ಈ ಸಮಸ್ಯೆಗೆ ಸಿಕ್ಕ ಪರಿಹಾರವೇ ರೇಡ್. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ಒಂದು ದುಬಾರಿ ಡಿಸ್ಕ್‌ನ ಬದಲು ಹಲವು ಅಗ್ಗದ ಡಿಸ್ಕ್‌ಗಳನ್ನು ಜೋಡಿಸಿ, ಒಂದು ಕೆಟ್ಟರೂ ಉಳಿದವು ಕೆಲಸ ಮುಂದುವರಿಸುವಂತೆ ಮಾಡುವುದು ಅವರ ವಿಚಾರ.

ಇದು ಹೇಗೆ ಕೆಲಸ ಮಾಡುತ್ತದೆ? ಮೂರು ಡಬ್ಬಿಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ 5 ಎಂದು ಬರೆದ ಚೀಟಿ, ಎರಡನೆಯದರಲ್ಲಿ 7, ಮೂರನೆಯದರಲ್ಲಿ ಎರಡರ ಮೊತ್ತ 12. ಈಗ ಎರಡನೆಯ ಡಬ್ಬಿ ಕಳೆದುಹೋಯಿತು. ಚಿಂತೆಯಿಲ್ಲ, 12ರಿಂದ 5 ಕಳೆದರೆ 7 ಸಿಕ್ಕಿತು. ರೇಡ್ 5 ಎಂಬ ವಿಧಾನ ಮಾಡುವುದೂ ಇಂಥದ್ದೇ ಕೆಲಸ. ಅಲ್ಲಿ ಕೂಡುವ ಲೆಕ್ಕದ ಬದಲು ಸೊನ್ನೆ-ಒಂದುಗಳ ಲೆಕ್ಕ ಇರುತ್ತದೆ, ಮೊತ್ತದ ಚೀಟಿ ಎಲ್ಲ ಡಿಸ್ಕ್‌ಗಳಲ್ಲೂ ಹಂಚಿಕೊಂಡಿರುತ್ತದೆ, ಅಷ್ಟೇ.

ರೇಡ್ 1ರಲ್ಲಿ ಒಂದೇ ಮಾಹಿತಿ ಎರಡು ಡಿಸ್ಕ್‌ಗಳಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಇರುತ್ತದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟರೆ ತೊಂದರೆಯಿಲ್ಲ. ರೇಡ್ 6ರಲ್ಲಿ ಎರಡು ಕೆಟ್ಟರೂ ಮಾಹಿತಿ ಉಳಿಯುತ್ತದೆ. ರೇಡ್ 10ರಲ್ಲಿ ಕನ್ನಡಿ ಜೋಡಿಗಳನ್ನು ಸೇರಿಸಿ ವೇಗವನ್ನೂ ಪಡೆಯುತ್ತಾರೆ.

ಎರಡು ಡಿಸ್ಕ್ ಕೆಡುವುದಕ್ಕೆ ಯಾಕೆ ತಯಾರಾಗಬೇಕು? ಕೆಟ್ಟ ಡಿಸ್ಕ್‌ನ ಜಾಗಕ್ಕೆ ಹೊಸದನ್ನು ಹಾಕಿದಾಗ ಅದರೊಳಗಿನ ಮಾಹಿತಿಯನ್ನು ಪೂರ್ತಿ ಮರಳಿ ಬರೆಯಬೇಕಾಗುತ್ತದೆ. 10 ಟೆರಾಬೈಟ್‌ನ ಡಿಸ್ಕ್‌ಗೆ ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಬರೆದರೂ ಸುಮಾರು 14 ಗಂಟೆ ಬೇಕು. ಅಂಗಡಿಯ ಕೆಲಸವೂ ಜೊತೆಗೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಉಳಿದ ಡಿಸ್ಕ್‌ಗಳಿಗೆ ಬಿಡುವಿಲ್ಲದ ಕೆಲಸ. ಎಲ್ಲವೂ ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕ್‌ಗಳಾಗಿದ್ದರೆ ಇನ್ನೊಂದು ಅದೇ ಹೊತ್ತಿಗೆ ಕೈಕೊಡುವ ಅಪಾಯ ಇದ್ದೇ ಇದೆ. ಹಾಗಾಗಿಯೇ ದೊಡ್ಡ ಡಿಸ್ಕ್‌ಗಳಿಗೆ ರೇಡ್ 6 ಅಥವಾ ರೇಡ್ 10 ವಾಸಿ.

ಸರ್ವರ್ ಆಫ್ ಮಾಡದೆ ಡಿಸ್ಕ್ ಬದಲಾಯಿಸಬಹುದೇ?

ಹೌದು. ಇದನ್ನು ಹಾಟ್ ಸ್ವಾಪ್ ಎನ್ನುತ್ತಾರೆ. ಸರ್ವರ್‌ನ ಮುಂಭಾಗದಲ್ಲಿ ಸಣ್ಣ ಖಾನೆಗಳಂತೆ ಡಿಸ್ಕ್ ಟ್ರೇಗಳು ಸಾಲಾಗಿರುತ್ತವೆ. ಹಿಡಿಯ ಗುಂಡಿ ಒತ್ತಿ ಎಳೆದರೆ ಡಿಸ್ಕ್ ಹೊರಬರುತ್ತದೆ, ಹೊಸದನ್ನು ತಳ್ಳಿದರೆ ಕೂರುತ್ತದೆ. ಸ್ಕ್ರೂಡ್ರೈವರ್ ಬೇಡ, ಯಾರಿಗೂ 'ಸಾಫ್ಟ್‌ವೇರ್ ಮುಚ್ಚಿ' ಎಂದು ಹೇಳಬೇಕಾಗಿಲ್ಲ.

ಆದರೆ ಇಲ್ಲೊಂದು ಎಚ್ಚರ ಬೇಕು. ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟಿರುವಾಗ ಅವಸರದಲ್ಲಿ ಪಕ್ಕದ ಒಳ್ಳೆಯ ಡಿಸ್ಕ್ ಎಳೆದರೆ ಇಡೀ ವ್ಯವಸ್ಥೆ ನಿಂತೇಹೋಗುತ್ತದೆ. ಕೆಟ್ಟ ಡಿಸ್ಕ್‌ನ ಮುಂದೆ ಎಚ್ಚರಿಕೆಯ ದೀಪ ಉರಿಯುವ ಏರ್ಪಾಡು ಇರುವುದು ಇದಕ್ಕಾಗಿಯೇ. ಯಾವ ಖಾನೆಯಲ್ಲಿ ಯಾವ ಕ್ರಮಸಂಖ್ಯೆಯ ಡಿಸ್ಕ್ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಸರ್ವರ್ ಪಕ್ಕದಲ್ಲೇ ಅಂಟಿಸಿಡುವುದು ಖರ್ಚಿಲ್ಲದ ಒಳ್ಳೆಯ ಅಭ್ಯಾಸ.

ಹಾಗಾದರೆ ರೇಡ್ ಇದ್ದರೆ ಬ್ಯಾಕಪ್ ಬೇಡವೇ?

ಬೇಕೇ ಬೇಕು. ಇದು ಸರ್ವರ್ ಬಗ್ಗೆ ಇರುವ ಅತ್ಯಂತ ದುಬಾರಿ ತಪ್ಪುಕಲ್ಪನೆ.

ರೇಡ್ ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ನೀವು ತಪ್ಪಿ ಒಂದು ಕಡತವನ್ನು ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ರ್ಯಾನ್ಸಮ್‌ವೇರ್ ಬಂದು ಕಡತಗಳಿಗೆ ಬೀಗ ಹಾಕಿದರೆ ಕನ್ನಡಿಯ ಎರಡೂ ಬದಿಯಲ್ಲಿ ಬೀಗವೇ ಕಾಣುತ್ತದೆ. ಕಳ್ಳತನ, ಬೆಂಕಿ, ಸಿಡಿಲು, ಮಳೆನೀರು ಬಂದರೆ ಎಂಟು ಡಿಸ್ಕ್‌ಗಳೂ ಒಟ್ಟಿಗೇ ಹೋಗುತ್ತವೆ.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ, ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಎಷ್ಟೋ ದಿನಗಳಿಂದ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಅದೃಷ್ಟಕ್ಕೆ ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಪ್ರತಿ ಸಿಕ್ಕಿತು. ಆ ಆರು ಗಂಟೆಗಳ ಮಾಹಿತಿ ಮಾತ್ರ ಮರಳಲಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ಪನ್ನೂ ಅದೇ ಜಾಗದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಇದಕ್ಕೆ ತಜ್ಞರು ಹೇಳುವ ಸುಲಭ ಸೂತ್ರ 3-2-1. ಮಾಹಿತಿಯ 3 ಪ್ರತಿಗಳಿರಲಿ, 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿರಲಿ, 1 ಪ್ರತಿ ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ ಇರಲಿ. ಜೊತೆಗೆ, ಬ್ಯಾಕಪ್ಪಿನಿಂದ ಒಂದೆರಡು ಕಡತಗಳನ್ನು ನಿಜಕ್ಕೂ ಮರಳಿ ತೆಗೆಯಲು ಬರುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಪರೀಕ್ಷಿಸದ ಬ್ಯಾಕಪ್ಪನ್ನು ನಂಬುವಂತಿಲ್ಲ.

ಸರ್ವರ್ ನಿಧಾನವಾದರೆ ತಪ್ಪು ಯಾರದು?

ಸರ್ವರ್ ನಿಧಾನವಾದ ಕೂಡಲೇ ಎಲ್ಲರೂ ದೂರುವುದು ಪ್ರೊಸೆಸರನ್ನು. ಆದರೆ ಸಣ್ಣ ಉದ್ಯಮಗಳಲ್ಲಿ ಅನೇಕ ಸಲ ಅದು ಸುಮ್ಮನೆ ಡಿಸ್ಕ್‌ಗಾಗಿ ಕಾಯುತ್ತಾ ಕೂತಿರುತ್ತದೆ.

ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತೋಳು ಸರಿಯಾದ ಜಾಗಕ್ಕೆ ಸರಿಯಬೇಕು. ಎಲ್ಲ ಸೇರಿದರೆ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಹೆಚ್ಚೆಂದರೆ ನೂರು ಸಲ ಓದಬಹುದು. ಹತ್ತು ಕೌಂಟರ್‌ಗಳಿಂದ ಒಂದೇ ಸಲಕ್ಕೆ ಬಿಲ್ ಬಂದರೆ ಸಾಲು ಉದ್ದವಾಗುವುದು ಇಲ್ಲೇ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಹಾಗಾಗಿ ಇದೇ ಕೆಲಸವನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಎಸ್‌ಎಸ್‌ಡಿಗಳಲ್ಲೂ ಎರಡು ದಾರಿಗಳಿವೆ. ಹಳೆಯ ಸಾಟಾ ದಾರಿಯ ಮಿತಿ ಸೆಕೆಂಡಿಗೆ ಸುಮಾರು 600 ಮೆಗಾಬೈಟ್. ಪ್ರೊಸೆಸರ್‌ಗೆ ನೇರವಾಗಿ ಜೋಡಿಸುವ ಎನ್‌ವಿಎಂಇ ದಾರಿಯಲ್ಲಿ, ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಪಥಗಳಿದ್ದರೆ, ಮಿತಿ ಸುಮಾರು 8 ಗಿಗಾಬೈಟ್. ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿರಲಿ, ಹಳೆಯ ಕಡತ ಮತ್ತು ಸ್ಕ್ಯಾನ್ ಪ್ರತಿಗಳು ಹಾರ್ಡ್ ಡಿಸ್ಕ್‌ನಲ್ಲಿರಲಿ. ಹೀಗೆ ಹಂಚಿದರೆ ಖರ್ಚೂ ಹಿಡಿತದಲ್ಲಿರುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಇನ್ನೆರಡು ವಿಷಯ ಕೇಳಿ. ಒಂದು, ಅದರ ಬರವಣಿಗೆಯ ಆಯುಸ್ಸು. ದಿನಕ್ಕೊಮ್ಮೆ ಪೂರ್ತಿ ತುಂಬಿಸಿ 5 ವರ್ಷ ಬಳಸಬಹುದಾದ 1 ಟೆರಾಬೈಟ್‌ನ ಎಸ್‌ಎಸ್‌ಡಿ ಎಂದರೆ ಒಟ್ಟು 1,825 ಟೆರಾಬೈಟ್ ಬರೆಯಬಹುದು ಎಂದರ್ಥ. ಲ್ಯಾಪ್‌ಟಾಪ್‌ಗಳ ಅಗ್ಗದ ಎಸ್‌ಎಸ್‌ಡಿಗಳಿಗೆ ಇಷ್ಟು ತಾಳಿಕೆ ಇರುವುದಿಲ್ಲ. ಎರಡು, ಕರೆಂಟ್ ಹೋದಾಗಿನ ರಕ್ಷಣೆ. ಸರ್ವರ್‌ಗೆಂದೇ ಮಾಡಿದ ಎಸ್‌ಎಸ್‌ಡಿಗಳಲ್ಲಿ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಥಟ್ಟನೆ ಹೋದರೂ ಅರ್ಧ ಬರೆದ ಮಾಹಿತಿಯನ್ನು ಬರೆದು ಮುಗಿಸುವಷ್ಟು ವಿದ್ಯುತ್ತನ್ನು ಅವು ಹಿಡಿದಿಟ್ಟುಕೊಂಡಿರುತ್ತವೆ.

ರ್ಯಾಮ್ ಎಷ್ಟಿದೆ ಎಂಬುದರ ಜೊತೆ ಅದನ್ನು ಹೇಗೆ ಜೋಡಿಸಿದ್ದಾರೆ ಎಂಬುದೂ ಮುಖ್ಯ. ಸರ್ವರ್ ಪ್ರೊಸೆಸರ್‌ಗಳಿಗೆ ರ್ಯಾಮ್‌ನಿಂದ ಮಾಹಿತಿ ಬರಲು ಹಲವು ಚಾನೆಲ್‌ಗಳಿರುತ್ತವೆ. ಡಿಡಿಆರ್4-3200 ಬಗೆಯ ರ್ಯಾಮ್‌ನ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಬಲ್ಲದು. 64 ಜಿಬಿಯ ಒಂದೇ ಪಟ್ಟಿ ಹಾಕಿದರೆ ಒಂದೇ ಚಾನೆಲ್ ಬಳಕೆಯಾಗುತ್ತದೆ. 16 ಜಿಬಿಯ ನಾಲ್ಕು ಪಟ್ಟಿಗಳನ್ನು ಬೇರೆ ಬೇರೆ ಚಾನೆಲ್‌ಗಳಲ್ಲಿ ಹಾಕಿದರೆ ಅಷ್ಟೇ ರ್ಯಾಮ್‌ಗೆ ನಾಲ್ಕು ಪಟ್ಟು ಅಗಲದ ದಾರಿ ಸಿಗುತ್ತದೆ.

ಒಂದು ಬಿಟ್ ತಪ್ಪಿದರೆ 1,500 ರೂಪಾಯಿ 9,500 ಆಗಬಹುದೇ?

ಆಗಬಹುದು. ಕಂಪ್ಯೂಟರಿನಲ್ಲಿ '1' ಎಂಬ ಅಂಕಿಯನ್ನು 00110001 ಎಂದೂ '9' ಎಂಬ ಅಂಕಿಯನ್ನು 00111001 ಎಂದೂ ಬರೆದಿಡುತ್ತಾರೆ. ನಡುವಿನ ಒಂದೇ ಒಂದು ಸೊನ್ನೆ ಒಂದಾದರೆ ಸಾಕು, ಅಂಕಿ ಬದಲಾಯಿತು.

2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೆಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮತ್ತೆ ಎಣಿಸಿದಾಗ ವ್ಯತ್ಯಾಸ ಸರಿಯಾಗಿ 4,096 ಮತಗಳು. 2ನ್ನು 12 ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅಂದರೆ ಒಂದು ಬಿಟ್ ಮಗುಚಿದ್ದರ ಗುರುತು. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಮೆಮೊರಿಗೆ ತಾಗಿ ಹೀಗಾಗಿರಬಹುದು ಎಂಬ ಊಹೆ ಇದೆ.

ಇಂಥ ತಪ್ಪುಗಳನ್ನು ಹಿಡಿಯುವುದೇ ಇಸಿಸಿ ಮೆಮೊರಿಯ ಕೆಲಸ. ಇದರ ಬೇರು 1950ರಷ್ಟು ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು, ತಪ್ಪನ್ನು ತಾನೇ ಹುಡುಕಿ ತಾನೇ ಸರಿಪಡಿಸುವ ಸಂಕೇತ ವಿಧಾನವನ್ನು ಆ ವರ್ಷ ಪ್ರಕಟಿಸಿದರು. ಇಸಿಸಿ ಮೆಮೊರಿಯಲ್ಲಿ ಸಾಮಾನ್ಯವಾಗಿ ಪ್ರತಿ 64 ಬಿಟ್ ಮಾಹಿತಿಗೆ 8 ಕಾವಲು ಬಿಟ್‌ಗಳಿರುತ್ತವೆ. ಒಂದು ಬಿಟ್ ತಪ್ಪಿದರೆ ಅವು ತಿದ್ದುತ್ತವೆ, ಎರಡು ತಪ್ಪಿದರೆ 'ಇಲ್ಲಿ ತಪ್ಪಿದೆ' ಎಂದು ಎಚ್ಚರಿಸುತ್ತವೆ.

ಇದು ಲಕ್ಷಕ್ಕೊಂದು ಪ್ರಕರಣ ಎಂದುಕೊಳ್ಳಬೇಡಿ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ರ್ಯಾಮ್ ಪಟ್ಟಿಗಳಲ್ಲಿ ಇಂಥ ದೋಷ ಕಂಡುಬಂದಿತ್ತು. ಇಸಿಸಿ ಇದ್ದರೆ ಯಾವ ಪಟ್ಟಿಯಲ್ಲಿ ಪದೇ ಪದೇ ತಪ್ಪಾಗುತ್ತಿದೆ ಎಂದು ಸರ್ವರ್ ದಾಖಲಿಸಿಡುತ್ತದೆ. ಅದು ಪೂರ್ತಿ ಕೆಡುವ ಮೊದಲೇ ಒಂದು ಭಾನುವಾರ ನೋಡಿ ಬದಲಾಯಿಸಬಹುದು. ಇಸಿಸಿ ಇಲ್ಲದಿದ್ದರೆ ತಪ್ಪು ಆಗಿದ್ದೇ ಗೊತ್ತಾಗುವುದಿಲ್ಲ.

'ಡಿಡಿಆರ್5 ರ್ಯಾಮ್‌ನಲ್ಲಿ ಇಸಿಸಿ ಇದ್ದೇ ಇರುತ್ತದೆ' ಎಂದು ಅಂಗಡಿಯವರು ಹೇಳಿದರೆ ಅದು ಅರ್ಧ ಸತ್ಯ. ಡಿಡಿಆರ್5ರ ಚಿಪ್‌ನೊಳಗೆ ಒಂದು ಬಗೆಯ ತಿದ್ದುಪಡಿ ವ್ಯವಸ್ಥೆ ಇದೆ, ನಿಜ. ಆದರೆ ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪನ್ನು ಅದು ನೋಡುವುದಿಲ್ಲ. ಪೂರ್ಣ ಇಸಿಸಿ ಬೇಕಿದ್ದರೆ ರ್ಯಾಮ್, ಮದರ್‌ಬೋರ್ಡ್, ಪ್ರೊಸೆಸರ್ ಮೂರೂ ಅದಕ್ಕೆ ಹೊಂದುವಂತಿರಬೇಕು.

ಎರಡು ಪವರ್ ಸಪ್ಲೈ ಯಾಕೆ?

ಸರ್ವರ್‌ನ ಹಿಂದೆ ಎರಡು ಪವರ್ ಕೇಬಲ್ ಕಂಡರೆ 'ಕರೆಂಟ್ ಬಿಲ್ ಎರಡು ಪಟ್ಟು' ಎಂದು ಹೆದರಬೇಕಿಲ್ಲ. ಎರಡೂ ಸೇರಿ ಅದೇ ಹೊರೆಯನ್ನು ಹಂಚಿಕೊಳ್ಳುತ್ತವೆ. ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಹೊರೆ ಹೊರುತ್ತದೆ. ಕೆಟ್ಟದ್ದನ್ನು ಸರ್ವರ್ ನಡೆಯುತ್ತಿರುವಾಗಲೇ ಎಳೆದು ಬದಲಾಯಿಸಬಹುದು.

ಆದರೆ ಇದರ ಲಾಭ ಸಿಗಬೇಕಾದರೆ ಎರಡು ಷರತ್ತುಗಳಿವೆ. ಮೊದಲನೆಯದು, ಒಂದೊಂದೂ ಒಂಟಿಯಾಗಿ ಇಡೀ ಸರ್ವರ್ ನಡೆಸುವಷ್ಟು ಸಾಮರ್ಥ್ಯದ್ದಾಗಿರಬೇಕು. ಎರಡನೆಯದು, ಎರಡು ಕೇಬಲ್‌ಗಳೂ ಬೇರೆ ಬೇರೆ ಮೂಲಕ್ಕೆ ಹೋಗಬೇಕು. ಒಂದು ಯುಪಿಎಸ್‌ಗೆ, ಇನ್ನೊಂದು ಎರಡನೇ ಯುಪಿಎಸ್‌ಗೆ ಅಥವಾ ಬೇರೆ ಲೈನ್‌ಗೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದರೆ, ಆ ಬೋರ್ಡಿನ ಫ್ಯೂಸ್ ಹೋದ ಕ್ಷಣ ಎರಡೂ ಸತ್ತಂತೆ.

ಯುಪಿಎಸ್ ಇದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತ ಎನ್ನುವಂತೆಯೂ ಇಲ್ಲ. ಅದರ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೆ ಸೊರಗುತ್ತದೆ, ಸೆಖೆಯ ಕೋಣೆಯಲ್ಲಿ ಇನ್ನೂ ಬೇಗ. ಬ್ಯಾಟರಿ ಮುಗಿಯುವ ಮುನ್ನ ಸರ್ವರ್‌ಗೆ ಸಂದೇಶ ಕಳಿಸಿ ಕ್ರಮವಾಗಿ ಆಫ್ ಮಾಡಿಸುವ ಕೇಬಲ್ ಜೋಡಣೆಯನ್ನು ಹಲವರು ಮಾಡಿಸಿಕೊಂಡೇ ಇರುವುದಿಲ್ಲ. ಗಾಳಿ-ಮಳೆಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರುಗಳಲ್ಲಿ ಈ ಒಂದು ಕೇಬಲ್ ಡೇಟಾಬೇಸನ್ನು ಕಾಪಾಡಬಲ್ಲದು.

ಮುಚ್ಚಳ ತೆಗೆದು ಫ್ಯಾನ್ ಇಟ್ಟರೆ ತಂಪಾಗುತ್ತದೆಯೇ?

ಬೇಸಿಗೆಯಲ್ಲಿ ಸರ್ವರ್‌ನ ಮುಚ್ಚಳ ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಡುವ ರೂಢಿ ಕೆಲವು ಕಚೇರಿಗಳಲ್ಲಿದೆ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸರ್ವರ್‌ನಲ್ಲಿ ಗಾಳಿ ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಹೋಗುವಂತೆ ಒಳಗೆ ಪ್ಲಾಸ್ಟಿಕ್ ಕಾಲುವೆಗಳನ್ನೇ ಮಾಡಿರುತ್ತಾರೆ. ಮುಚ್ಚಳ ತೆಗೆದರೆ ಗಾಳಿ ಮೇಲಿನಿಂದಲೇ ತಪ್ಪಿಸಿಕೊಳ್ಳುತ್ತದೆ. ಪ್ರೊಸೆಸರ್, ರ್ಯಾಮ್‌ಗಳ ಮೇಲೆ ಹಾಯುವುದೇ ಇಲ್ಲ. ಖಾಲಿ ಡಿಸ್ಕ್ ಖಾನೆಗಳಿಗೂ ಡಮ್ಮಿ ಟ್ರೇ ಹಾಕಿರುವುದು ಇದೇ ಕಾರಣಕ್ಕೆ. ಅದನ್ನು ಕಿತ್ತು ಬಿಸಾಡಬಾರದು.

ಬಿಸಿ ಹೆಚ್ಚಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. 'ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ನಿಧಾನ' ಎಂಬ ದೂರಿನ ಹಿಂದೆ ದೂಳು ತುಂಬಿದ ಜಾಲರಿಯೂ ಇರಬಹುದು. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ ಎಂಬುದು ಅಮೆರಿಕದ ಆಶ್ರೇ ಎಂಬ ತಾಪನಿಯಂತ್ರಣ ಎಂಜಿನಿಯರುಗಳ ಸಂಸ್ಥೆಯ ಶಿಫಾರಸು. ಮೈ ನಡುಗುವಷ್ಟು ಎಸಿ ಬೇಕಿಲ್ಲ. ದೂಳಿಲ್ಲದ, ಗಾಳಿಯಾಡುವ, ಹದವಾದ ಕೋಣೆ ಸಾಕು. ಒಳ್ಳೆಯ ಸರ್ವರ್‌ಗಳಲ್ಲಿ ಫ್ಯಾನ್‌ಗಳೂ ಒಂದೆರಡು ಹೆಚ್ಚಿಗೆ ಇರುತ್ತವೆ. ಒಂದು ನಿಂತರೆ ಉಳಿದವು ಜೋರಾಗಿ ತಿರುಗಿ ಸರಿದೂಗಿಸುತ್ತವೆ. ಸರ್ವರ್ ಇದ್ದಕ್ಕಿದ್ದಂತೆ ಹೆಚ್ಚು ಸದ್ದು ಮಾಡತೊಡಗಿದರೆ ಅದು ದೂರು ಹೇಳುತ್ತಿದೆ ಎಂದೇ ತಿಳಿಯಿರಿ.

ಆಫ್ ಆದ ಸರ್ವರನ್ನು ದೂರದಿಂದ ಆನ್ ಮಾಡಬಹುದೇ?

ಮಾಡಬಹುದು. ಸರ್ವರ್‌ನ ಮದರ್‌ಬೋರ್ಡಿನ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಮುಖ್ಯ ಸರ್ವರ್ ಆಫ್ ಆಗಿದ್ದರೂ ಕರೆಂಟ್ ಇದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಬಿಸಿ ಎಷ್ಟಿದೆ, ಯಾವ ಫ್ಯಾನ್ ನಿಂತಿದೆ, ಯಾವ ರ್ಯಾಮ್ ತಪ್ಪು ಮಾಡುತ್ತಿದೆ ಎಂದು ದಾಖಲಿಸಿ, ಇಮೇಲ್ ಕಳಿಸುತ್ತದೆ. ಡೆಲ್ ಸರ್ವರ್‌ಗಳಲ್ಲಿ ಇದಕ್ಕೆ ಐಡ್ರ್ಯಾಕ್ ಎಂದೂ ಎಚ್‌ಪಿಇ ಸರ್ವರ್‌ಗಳಲ್ಲಿ ಐಲೋ ಎಂದೂ ಹೆಸರು. ಹುಬ್ಬಳ್ಳಿಯ ಕಚೇರಿಯಲ್ಲಿರುವ ಸರ್ವರ್‌ನ ಪರದೆಯನ್ನು ಬೆಂಗಳೂರಿನಲ್ಲಿ ಕುಳಿತ ತಂತ್ರಜ್ಞರು ನೋಡಿ, ರೀಸ್ಟಾರ್ಟ್ ಮಾಡಿ ಸರಿಪಡಿಸುವುದು ಸಾಧ್ಯವಾಗುವುದು ಇದರಿಂದ.

ಈ ದಾರಿ ಮುಖ್ಯ ನೆಟ್‌ವರ್ಕ್‌ಗಿಂತ ಬೇರೆಯಾಗಿದ್ದಷ್ಟೂ ಒಳ್ಳೆಯದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಆರು ಗಂಟೆಗಳ ಕಾಲ ನಿಂತದ್ದು ನೆನಪಿರಬಹುದು. ಅಂದು ಕೆಟ್ಟದ್ದು ಯಾವ ಯಂತ್ರವೂ ಅಲ್ಲ, ನೆಟ್‌ವರ್ಕ್ ನಿರ್ವಹಣೆಯ ವೇಳೆ ಕೊಟ್ಟ ಒಂದು ತಪ್ಪು ಆದೇಶ. ಆದರೆ ದೂರದಿಂದ ಸರಿಪಡಿಸುವ ಮೀಸಲು ದಾರಿಯೂ ಅದರ ಜೊತೆಗೇ ಮುಚ್ಚಿಹೋಗಿದ್ದರಿಂದ ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು.

ಬಿಎಂಸಿ ಬಳಸುವವರು ಮರೆಯಬಾರದ ಎಚ್ಚರಿಕೆ: ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ, ಅದನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ. ಇಡೀ ಸರ್ವರ್‌ನ ಬೀಗದ ಕೈ ಅದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಅಂಗಡಿಗೋ ಸಂಘಕ್ಕೋ ಸರ್ವರ್ ಕೊಳ್ಳುವಾಗ ಈ ಪಟ್ಟಿ ಜೊತೆಗಿರಲಿ.

1. ರ್ಯಾಮ್ ಪೂರ್ಣ ಇಸಿಸಿ ಬಗೆಯದೇ? ಎಷ್ಟು ಚಾನೆಲ್‌ಗಳಲ್ಲಿ ಜೋಡಿಸಿದ್ದೀರಿ?
2. ಡೇಟಾಬೇಸ್‌ಗೆ ಎಸ್‌ಎಸ್‌ಡಿ ಇದೆಯೇ? ಕರೆಂಟ್ ಹೋದಾಗಿನ ರಕ್ಷಣೆ ಅದಕ್ಕಿದೆಯೇ?
3. ಯಾವ ರೇಡ್? ಡಿಸ್ಕ್‌ಗಳನ್ನು ಸರ್ವರ್ ನಿಲ್ಲಿಸದೆ ಬದಲಾಯಿಸಬಹುದೇ?
4. ಎರಡು ಪವರ್ ಸಪ್ಲೈ ಇವೆಯೇ? ಒಂದೇ ಸಾಕಾಗುವಷ್ಟು ಸಾಮರ್ಥ್ಯ ಇದೆಯೇ?
5. ದೂರದಿಂದ ನೋಡಿಕೊಳ್ಳುವ ಸೌಲಭ್ಯಕ್ಕೆ ಬೇರೆ ಲೈಸೆನ್ಸ್ ಹಣ ಕೊಡಬೇಕೇ?
6. ಬಿಡಿಭಾಗ ನಮ್ಮ ಊರಿಗೆ ಎಷ್ಟು ಗಂಟೆಯೊಳಗೆ ಬರುತ್ತದೆ? ಎಷ್ಟು ವರ್ಷದವರೆಗೆ ಸಿಗುತ್ತದೆ?
7. ಬ್ಯಾಕಪ್ ಎಲ್ಲಿಗೆ ಹೋಗುತ್ತದೆ? ಮರಳಿ ತೆಗೆದು ತೋರಿಸುತ್ತೀರಾ?

ಎಲ್ಲರಿಗೂ ಎಲ್ಲವೂ ಬೇಕೆಂದೇನಿಲ್ಲ. 'ಶೇ 99.9 ಅಪ್‌ಟೈಮ್' ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು ಎಂದರ್ಥ. ಶೇ 99.99 ಎಂದರೆ ಸುಮಾರು 53 ನಿಮಿಷ. ಒಂದು ದಿನ ಕೈಬರಹದ ಬಿಲ್ಲಿನಲ್ಲಿ ನಡೆಸಬಲ್ಲ ಅಂಗಡಿಗೆ ಮೊದಲನೆಯದು ಧಾರಾಳ. ರಾತ್ರಿಯಿಡೀ ರೋಗಿಗಳ ವರದಿ ನೋಡುವ ಆಸ್ಪತ್ರೆಗೆ ಸಾಲದು. ಹಣ ಕಡಿಮೆಯಿದ್ದರೆ ಎರಡನೇ ಪ್ರೊಸೆಸರ್ ಬಿಡಿ, ದೊಡ್ಡ ಕ್ಯಾಬಿನೆಟ್ ಬಿಡಿ. ಇಸಿಸಿ ಮತ್ತು ಬ್ಯಾಕಪ್ ಎರಡನ್ನು ಮಾತ್ರ ಬಿಡಬೇಡಿ. ನಿಂತ ಸರ್ವರನ್ನು ನಾಳೆ ಎಬ್ಬಿಸಬಹುದು, ಆದರೆ ತಪ್ಪಾದ ಲೆಕ್ಕವನ್ನು, ಅಳಿದುಹೋದ ಖಾತೆಯನ್ನು ಹೊಸ ಯಂತ್ರ ತಂದುಕೊಡುವುದಿಲ್ಲ.

ಇನ್ನು 'ರೇಡ್ ಇದೆ, ಬ್ಯಾಕಪ್ ಬೇಡ' ಎಂದು ಯಾರಾದರೂ ನಿಮ್ಮ ಗುಂಪಿನಲ್ಲಿ ಹೇಳಿದರೆ ಅವರಿಗೆ ಈ ಲೇಖನ ಕಳಿಸಿ. ಅದಕ್ಕೂ ಮೊದಲು ನಿಮ್ಮ ಕಚೇರಿಯ ಬ್ಯಾಕಪ್ ಕೊನೆಯ ಸಲ ಯಾವಾಗ ಆಗಿದೆ ಎಂದು ಒಮ್ಮೆ ನೋಡಿಕೊಳ್ಳಿ.